ಹದಿನಾಲ್ಕು ಟನ್ ಕಬ್ಬಿನ ಕಂಪ್ಯೂಟರ್

ಅಥಣಿಯ ಸೀಮೆಯಲ್ಲಿ ಯಾವುದೊಂದು ವಸ್ತುವಿನ ಬೆಲೆ ಮನಸ್ಸಿಗೆ ನಾಟಬೇಕಾದರೆ ಅದನ್ನು ಕಬ್ಬಿನ ಲೆಕ್ಕಕ್ಕೆ ಇಳಿಸಿ ನೋಡುವುದೇ ಸುಲಭೋಪಾಯ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ರೈತರು ರಸ್ತೆಗಿಳಿದು ಹೋರಾಡಿದ ತರುವಾಯ ಟನ್ ಕಬ್ಬಿಗೆ 3,300 ರೂಪಾಯಿಗಳ ದರ ಘೋಷಣೆಯಾಯಿತು. ಆ ದರದಲ್ಲಿ 45,000 ರೂಪಾಯಿಯ ಒಂದು ಕಂಪ್ಯೂಟರ್ ಎಂದರೆ ಹೆಚ್ಚುಕಡಿಮೆ ಹದಿನಾಲ್ಕು ಟನ್ ಕಬ್ಬು. ಅದೂ ನೀರು, ಗೊಬ್ಬರ, ಆಳುಕಾಳುಗಳ ಖರ್ಚು ಕಳೆಯುವುದಕ್ಕೆ ಮೊದಲು. ಇಷ್ಟೊಂದು ಬೆಳೆಯನ್ನು ಒಂದು ತಗಡಿನ ಪೆಟ್ಟಿಗೆಗೆ ಸುರಿಯುವ ಮನೆಯವರು, ಆ ಪೆಟ್ಟಿಗೆಯಿಂದ ಪೂರ್ಣ ದುಡಿಮೆಯನ್ನು ಅಪೇಕ್ಷಿಸಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ಅಥಣಿ ತಾಲ್ಲೂಕಿನ ಅನಂತಪುರದಂಥ ಊರಿನಲ್ಲಿ ಈ ಅಪೇಕ್ಷೆ ಯಾರಲ್ಲಿ ಹುಟ್ಟೀತು? ಮದುವೆ, ಜಾತ್ರೆಗಳ ಚಿತ್ರ ತೆಗೆದು ಹೊಟ್ಟೆಹೊರೆಯುವ ಫೋಟೋ ಸ್ಟುಡಿಯೋದ ತರುಣನಲ್ಲಿ ಹುಟ್ಟೀತು. ಎಂಜಿನಿಯರಿಂಗ್ ಓದಲು ಹೊರಟ ವಿದ್ಯಾರ್ಥಿಯಲ್ಲಿ ಹುಟ್ಟೀತು. ಪತ್ರ ಬರೆಯುವವನಿಗೆ, ಪಹಣಿಯ ನಕಲು ತೆಗೆಯುವವನಿಗೆ ಹೆಚ್ಚಿನ ವೇಗದಿಂದ ಪ್ರಯೋಜನವಿಲ್ಲ. ಕನ್ನಡದ ಅಕ್ಷರ ಮೂಡಿಸಲು ಹತ್ತು ವರ್ಷದ ಹಳೆಯ ಯಂತ್ರವೂ ಸಾಕು. ಆದರೆ ಮೂರು ಗಂಟೆಯ ಮದುವೆಯ ವಿಡಿಯೋವನ್ನು ಕತ್ತರಿಸಿ, ಹೊಂದಿಸಿ, ಹಾಡು ಕೂಡಿಸಿ ಹೊರತೆಗೆಯುವವನಿಗೆ ವೇಗವೇ ಬಂಡವಾಳ. ಯಂತ್ರ ನಿಧಾನವಾದರೆ ಬೀಗರು ಬಾಗಿಲಲ್ಲಿ ನಿಂತು ಕೇಳುತ್ತಾರೆ.

ಹಣ ಮಿತವಾಗಿರುವವನು ಸಿದ್ಧ ಯಂತ್ರವನ್ನು ಕೊಳ್ಳದೆ ಬಿಡಿಭಾಗಗಳನ್ನು ತಂದು ಕೂಡಿಸುತ್ತಾನೆ. ಇದಕ್ಕೆ ನಮ್ಮಲ್ಲಿ ಅಸೆಂಬಲ್ ಮಾಡುವುದೆಂದೇ ಹೆಸರು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಜನರ ಬಾಯಲ್ಲಿ ಎಸ್.ಪಿ. ರೋಡ್, ಈ ವ್ಯಾಪಾರದ ದೊಡ್ಡ ಪೇಟೆ. ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ, ದಿಲ್ಲಿಗೆ ನೆಹರೂ ಪ್ಲೇಸ್ ಹೇಗೋ, ಕರ್ನಾಟಕಕ್ಕೆ ಆ ಇಕ್ಕಟ್ಟಾದ ಬೀದಿ ಹಾಗೆ. ಆದರೆ ಗಡಿಯ ಊರುಗಳಿಗೆ ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ಅಥಣಿಗೆ ಬೆಳಗಾವಿಗಿಂತ ಮಿರಜ, ಸಾಂಗ್ಲಿಗಳೇ ಹತ್ತಿರ. ಕನ್ನಡದಲ್ಲಿ ಯೋಚಿಸಿ ಮರಾಠಿಯಲ್ಲಿ ಚೌಕಾಸಿ ಮಾಡುವ ಜಾಣತನ ಈ ಭಾಗದವರಿಗೆ ಹುಟ್ಟಿನಿಂದಲೇ ಬಂದದ್ದು. ಎಲ್ಲಿಯೇ ಕೊಂಡರೂ ನೂರಕ್ಕೆ 18ರ ಜಿ.ಎಸ್.ಟಿ. ತಪ್ಪದು. ಬಿಲ್ಲಿಲ್ಲದೆ ಕೊಂಡು ಅದನ್ನು ಉಳಿಸಿದವನು ಮೂರು ವರ್ಷದ ವಾರಂಟಿಯನ್ನು ಕಳೆದುಕೊಳ್ಳುತ್ತಾನೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

ಕೂಡಿಸುವ ಕೆಲಸ ನೋಡುವುದಕ್ಕೆ ಗಹನ, ಮಾಡುವುದಕ್ಕೆ ಸರಳ. ಪ್ರೊಸೆಸರ್ ಎಂಬ ಚಿಪ್ಪಿನ ಮೂಲೆಯಲ್ಲಿ ಚಿಕ್ಕದೊಂದು ತ್ರಿಕೋನದ ಗುರುತಿರುತ್ತದೆ. ಮದರ್‌ಬೋರ್ಡಿನ ಕುಳಿಯಲ್ಲೂ ಅಂಥದೇ ಗುರುತು. ಎರಡೂ ಎದುರಾದರೆ ಚಿಪ್ಪು ತನ್ನ ಭಾರದಿಂದಲೇ ಕುಳಿತುಕೊಳ್ಳುತ್ತದೆ. ಒತ್ತಿದವನು ಕೆಟ್ಟ. ಅದರ ಬೆನ್ನಿನ ಮೇಲೆ ಕಡಲೆಕಾಳಿನಷ್ಟು ಪೇಸ್ಟ್, ಅದರ ಮೇಲೆ ಕೂಲರ್, ಪಕ್ಕದಲ್ಲಿ ರ‍್ಯಾಮ್ ಪಟ್ಟಿಗಳು, ಆಮೇಲೆ ಎಸ್‌ಎಸ್‌ಡಿ, ಕೊನೆಗೆ ಎಲ್ಲಕ್ಕೂ ವಿದ್ಯುತ್ತು ಉಣಿಸುವ ಎಸ್‌ಎಂಪಿಎಸ್. ಕೈಯನ್ನು ಆಗಾಗ ಕ್ಯಾಬಿನೆಟ್ಟಿನ ಲೋಹಕ್ಕೆ ಮುಟ್ಟಿಸಿ ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕೆಂಬುದನ್ನು ಬಿಟ್ಟರೆ ಇಲ್ಲಿ ಮಂತ್ರವಿಲ್ಲ. ಸೈಕಲ್ ಬಿಚ್ಚಿ ಕೂಡಿಸಬಲ್ಲವನು ಇದನ್ನೂ ಕೂಡಿಸಬಲ್ಲ.

ಯಂತ್ರ ಎದ್ದು ನಿಂತ ಮೇಲೆ ಆಸೆ ಹುಟ್ಟುತ್ತದೆ. ಕೊಟ್ಟ ಹಣಕ್ಕಿಂತ ಹೆಚ್ಚಿನ ವೇಗವನ್ನು ಇದರಿಂದ ಹಿಂಡಿ ತೆಗೆಯಬಹುದೇ? ಹಾಗೆ ಹಿಂಡುವ ವಿದ್ಯೆಗೇ ಓವರ್‌ಕ್ಲಾಕಿಂಗ್ ಎಂದು ಹೆಸರು.

ಪ್ರತಿಯೊಂದು ಪ್ರೊಸೆಸರೂ ಒಂದು ಮಿಡಿತಕ್ಕೆ ತಾಳ ಹಾಕಿಕೊಂಡು ದುಡಿಯುತ್ತದೆ. 2021ರಲ್ಲಿ ಎ.ಎಂ.ಡಿ. ಸಂಸ್ಥೆ ಹೊರತಂದ ರೈಜನ್ 5600ಜಿ ಎಂಬ, ಬಡವರ ಮೆಚ್ಚಿನ ಚಿಪ್ಪಿನ ಮೂಲವೇಗ 3.9 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 390 ಕೋಟಿ ಮಿಡಿತಗಳು. ಈ ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧ. ಮದರ್‌ಬೋರ್ಡ್ ಕೊಡುವ ಮೂಲ ತಾಳ ಒಂದು. ಅದನ್ನು ಚಿಪ್ಪು ಎಷ್ಟರಿಂದ ಗುಣಿಸಿಕೊಳ್ಳುತ್ತದೆಂಬುದು ಇನ್ನೊಂದು. ಎರಡರಲ್ಲಿ ಯಾವುದನ್ನು ಏರಿಸಿದರೂ ಯಂತ್ರ ಕಾರ್ಖಾನೆಯವರು ಬರೆದ ವೇಗವನ್ನು ಮೀರಿ ಓಡುತ್ತದೆ.

ಈ ಆಸೆ ಇಂದಿನದಲ್ಲ. 1984ರ ಐ.ಬಿ.ಎಂ. ಎ.ಟಿ. ಯಂತ್ರ 6 ಮೆಗಾಹರ್ಟ್ಸಿನಲ್ಲಿ ನಡೆಯುತ್ತಿತ್ತು. ಜನ ಅದರೊಳಗಿನ ಹರಳನ್ನು ಕಿತ್ತು ಬೇರೆ ಹರಳು ಕೂಡಿಸಿ 8ಕ್ಕೆ ಓಡಿಸಿದರು. ಆದರೆ ಓವರ್‌ಕ್ಲಾಕಿಂಗ್ ಬಡವರ ಹಬ್ಬವಾದದ್ದು 1998ರಲ್ಲಿ. ಆ ವರ್ಷ ಆಗಸ್ಟ್ 24ರಂದು ಇಂಟೆಲ್ ಸಂಸ್ಥೆ ಒಂದೇ ದಿನ ಎರಡು ಚಿಪ್ಪುಗಳನ್ನು ಪೇಟೆಗೆ ಬಿಟ್ಟಿತು. ಒಂದು 450 ಮೆಗಾಹರ್ಟ್ಸಿನ ಪೆಂಟಿಯಂ 2, ಸಗಟು ಬೆಲೆ 669 ಡಾಲರ್. ಇನ್ನೊಂದು ಸೆಲೆರಾನ್ 300ಎ, ವೇಗ 300 ಮೆಗಾಹರ್ಟ್ಸ್, ಬೆಲೆ 149 ಡಾಲರ್. ಸೆಲೆರಾನ್ ತನ್ನ ವೇಗವನ್ನು 66ರ ತಾಳವನ್ನು ನಾಲ್ಕೂವರೆಯಿಂದ ಗುಣಿಸಿ ಪಡೆಯುತ್ತಿತ್ತು. ಮದರ್‌ಬೋರ್ಡಿನ ತಾಳವನ್ನು 66ರಿಂದ 100ಕ್ಕೆ ಏರಿಸಿದರೆ? ನಾಲ್ಕೂವರೆ ನೂರು. ಅಷ್ಟೇ ಲೆಕ್ಕ! ಬಹಳಷ್ಟು ಸೆಲೆರಾನುಗಳು ಈ ಏರಿಕೆಯನ್ನು ಯಾವ ತಕರಾರೂ ಇಲ್ಲದೆ ತಾಳಿಕೊಂಡವು. ಏರಿಕೆಗೆ ಒಪ್ಪದ ಬೋರ್ಡುಗಳಿದ್ದಲ್ಲಿ ಜನ ಚಿಪ್ಪಿನ ಹಲಗೆಯ ಬಿ21 ಎಂಬ ಸಂಪರ್ಕಬಿಂದುವಿನ ಮೇಲೆ ಒಂದು ಚೂರು ಅಂಟುಪಟ್ಟಿ ಹಚ್ಚಿದರು. ಬೋರ್ಡು ಮೋಸಹೋಗಿ 100ರ ತಾಳವನ್ನೇ ಕೊಟ್ಟಿತು. ನಾಲ್ಕೂವರೆ ಪಟ್ಟು ಬೆಲೆಯ ಚಿಪ್ಪಿನೊಡನೆ ಅಗ್ಗದ ಚಿಪ್ಪು ಹೆಗಲೆಣೆಯಾಗಿ ನಿಂತಿತು. ಸೆಲೆರಾನಿನ ಒಡಲಲ್ಲಿದ್ದ ಕ್ಯಾಶೆ ಎಂಬ ಸಮೀಪಸ್ಮೃತಿ ಚಿಕ್ಕದು, 128 ಕಿಲೋಬೈಟ್ ಮಾತ್ರ. ಆದರೆ ಅದು ಚಿಪ್ಪಿನ ಪೂರ್ಣ ವೇಗದಲ್ಲಿ ನಡೆಯುತ್ತಿತ್ತು. ಪೆಂಟಿಯಂನ 512 ಕಿಲೋಬೈಟ್ ಅರ್ಧವೇಗದಲ್ಲಿ ನಡೆಯುತ್ತಿತ್ತು. ಹೀಗಾಗಿ ಕೆಲವು ಕೆಲಸಗಳಲ್ಲಿ ದೊಡ್ಡಣ್ಣನಿಗೂ ತಮ್ಮನಿಗೂ ವ್ಯತ್ಯಾಸವೇ ತೋರುತ್ತಿರಲಿಲ್ಲ.

ಅಗ್ಗದ ಚಿಪ್ಪಿನಲ್ಲಿ ಈ ಮಿಗಿಲು ಶಕ್ತಿ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಈ ಸೀಮೆಯವರಿಗೆ ಅದನ್ನು ತಿಳಿಸುವುದು ಕಷ್ಟವಲ್ಲ. ತಾಸಗಾಂವ, ಸಾಂಗ್ಲಿಗಳ ಪೇಟೆಗೆ ಹೋಗುವ ಒಣದ್ರಾಕ್ಷಿಯನ್ನು ಗಾತ್ರ, ಬಣ್ಣ ನೋಡಿ ದರ್ಜೆ ಮಾಡುತ್ತಾರೆ. ಚಿಪ್ಪುಗಳೂ ಹಾಗೆಯೇ. ಒಂದೇ ಸಿಲಿಕಾನ್ ಬಿಲ್ಲೆಯಿಂದ ನೂರಾರು ಚಿಪ್ಪುಗಳು ಹುಟ್ಟುತ್ತವೆ. ಕೆಲವು ಚುರುಕು, ಕೆಲವು ಮಂದ. ಪರೀಕ್ಷಿಸಿ ದರ್ಜೆ ಬರೆಯುತ್ತಾರೆ. ಆದರೆ ಪೇಟೆಯಲ್ಲಿ ಅಗ್ಗದ ದರ್ಜೆಗೇ ಬೇಡಿಕೆ ಹೆಚ್ಚಿದರೆ ವ್ಯಾಪಾರಿ ಏನು ಮಾಡುತ್ತಾನೆ? ಮೇಲಿನ ದರ್ಜೆಯ ಮಾಲಿಗೇ ಕೆಳಗಿನ ದರ್ಜೆಯ ಚೀಟಿ ಅಂಟಿಸುತ್ತಾನೆ. ಚೀಟಿಯ ಮೇಲಿನ ಸಂಖ್ಯೆ ಕಾರ್ಖಾನೆಯ ವಚನವೇ ಹೊರತು ಚಿಪ್ಪಿನ ಮಿತಿಯಲ್ಲ. ಈ ಎರಡರ ನಡುವಣ ಅಂತರವೇ ಓವರ್‌ಕ್ಲಾಕಿಂಗ್ ಮಾಡುವವನ ಹೊಲ.

2000ದ ವೇಳೆಗೆ ಎ.ಎಂ.ಡಿ.ಯ ಡ್ಯೂರಾನ್, ಅಥ್ಲಾನ್ ಚಿಪ್ಪುಗಳ ಮೇಲೆ ಇನ್ನೂ ಸ್ವಾರಸ್ಯದ ಆಟ ನಡೆಯಿತು. ಗುಣಕವನ್ನು ಬದಲಿಸಬಾರದೆಂದು ಕಾರ್ಖಾನೆಯವರು ಚಿಪ್ಪಿನ ಮೇಲಣ ಸೂಕ್ಷ್ಮವಾದ ಸೇತುವೆಗಳನ್ನು ಕಡಿದಿದ್ದರು. ಜನ ಸಾಧಾರಣ ಸೀಸದ ಕಡ್ಡಿಯಿಂದ, ಶಾಲೆಯ ಹುಡುಗರು ಬರೆಯುವ ಪೆನ್ಸಿಲ್ಲಿನಿಂದ, ಆ ಬಿಂದುಗಳ ನಡುವೆ ಗೆರೆ ಎಳೆದು ಸೇತುವೆ ಕಟ್ಟಿದರು. ಪೆನ್ಸಿಲ್ಲಿನ ಗ್ರಾಫೈಟ್ ವಿದ್ಯುದ್ವಾಹಕವಷ್ಟೆ. ಕೆಲವು ಕಾಸಿನ ಪೆನ್ಸಿಲ್ಲಿಗೆ ದೊಡ್ಡ ಕಾರ್ಖಾನೆಯ ಬೀಗ ತೆರೆದುಕೊಂಡಿತು.

ಆ ಕಾಲ ಕಳೆಯಿತು. ಇಂಟೆಲ್ ತನ್ನ ಗುಣಕಗಳಿಗೆ ಬೀಗ ಹಾಕಿ, ಬೀಗವಿಲ್ಲದ ಚಿಪ್ಪುಗಳನ್ನು ಹೆಚ್ಚಿನ ಬೆಲೆಗೆ ಮಾರತೊಡಗಿತು. ನಡುನಡುವೆ ಬಡವರ ಕಡೆಗೂ ಕಣ್ಣು ಹಾಯಿಸಿದ್ದುಂಟು: 2014ರಲ್ಲಿ ಬಂದ 72 ಡಾಲರಿನ ಪೆಂಟಿಯಂ ಜಿ3258, 2019ರಲ್ಲಿ ಎ.ಎಂ.ಡಿ. ಕೊಟ್ಟ 49 ಡಾಲರಿನ ಅಥ್ಲಾನ್ 3000ಜಿ, ಇವೆರಡೂ ಬೀಗವಿಲ್ಲದವು. ರೈಜನ್ ಚಿಪ್ಪುಗಳ ಗುಣಕ ಸಾಮಾನ್ಯವಾಗಿ ತೆರೆದೇ ಇದೆ. ಆದರೆ ಎ520 ಜಾತಿಯ ತೀರ ಅಗ್ಗದ ಮದರ್‌ಬೋರ್ಡುಗಳು ಅದನ್ನು ಮುಟ್ಟಗೊಡುವುದಿಲ್ಲ. ಬಿ450 ಅಥವಾ ಬಿ550 ಬೇಕು. ಪೇಟೆಗೆ ಹೋಗುವ ಮುನ್ನ ಇದು ಗೊತ್ತಿರದವನು ಕುದುರೆಯನ್ನು ಕೊಂಡು ಲಗಾಮನ್ನು ಬಿಟ್ಟು ಬಂದಂತೆ.

ಬೀಗಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು ಕಡೆಯಿಂದ ಬಂದಿದೆ. ಇಂದಿನ ಚಿಪ್ಪು ತಾನೇ ತನ್ನನ್ನು ಓವರ್‌ಕ್ಲಾಕ್ ಮಾಡಿಕೊಳ್ಳುತ್ತದೆ! 5600ಜಿಯ ಮೂಲವೇಗ 3.9 ಆದರೂ ತಂಪು ಮತ್ತು ವಿದ್ಯುತ್ತು ಸಾಕಷ್ಟು ಸಿಕ್ಕರೆ ಅದು ತಾನಾಗಿಯೇ 4.4 ಗಿಗಾಹರ್ಟ್ಸಿನವರೆಗೆ ಏರುತ್ತದೆ. ಹಿಂದೆ ಕಾರ್ಖಾನೆಯವರು ಅರಿತೋ ಅರಿಯದೆಯೋ ಕೊಳ್ಳುವವನಿಗೆ ಬಿಟ್ಟುಕೊಡುತ್ತಿದ್ದ ಹಕ್ಕಲನ್ನು ಈಗ ತಾವೇ ಆಯ್ದುಕೊಂಡು ಬೆಲೆಕಟ್ಟಿ ಮಾರುತ್ತಿದ್ದಾರೆ. ಅದರ ಅತಿರೇಕವೂ ಕಾಣಿಸಿತು. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಚಿಪ್ಪುಗಳು ಬಳಸುತ್ತ ಬಳಸುತ್ತ ಅಸ್ಥಿರವಾದವೆಂಬ ದೂರು ಎದ್ದಾಗ, ಅವು ಮಿತಿಮೀರಿದ ವೋಲ್ಟೇಜನ್ನು ಬೇಡುತ್ತಿದ್ದವೆಂದು 2024ರಲ್ಲಿ ಸಂಸ್ಥೆಯೇ ಒಪ್ಪಿಕೊಂಡು, ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಬೇಕಾಯಿತು. ಕಾರ್ಖಾನೆಯೇ ಹೊಲದ ಕೊನೆಯ ತೆನೆಯವರೆಗೆ ಕೊಯ್ದ ಮೇಲೆ ಹಿಂದೆ ಬರುವವನಿಗೆ ಉಳಿಯುವುದೇನು?

ಉಳಿದದ್ದನ್ನು ಲೆಕ್ಕ ಹಾಕಿಯೇ ನೋಡಬಹುದು. 5600ಜಿಯನ್ನು ಕಷ್ಟಪಟ್ಟು 4.4ರಿಂದ 4.6ಕ್ಕೆ ಏರಿಸಿದರೆಂದು ಭಾವಿಸೋಣ. ಒಂದು ಗಂಟೆ ಹಿಡಿಯುವ ವಿಡಿಯೋದ ಕೆಲಸ 57 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ಗಳಿಸಿದ್ದು ಮೂರು ನಿಮಿಷಕ್ಕಿಂತ ಕಡಿಮೆ; ಒಂದು ಚಹಾ ಕುಡಿಯುವ ಹೊತ್ತೂ ಅಲ್ಲ.

ಇನ್ನು ತೆತ್ತ ಬೆಲೆ. ಚಿಪ್ಪು ನುಂಗುವ ವಿದ್ಯುತ್ತು ಅದರ ವೇಗದ ಪ್ರಮಾಣದಲ್ಲಿ ಏರುತ್ತದೆ. ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುತ್ತದೆ. ವೇಗ ಏರಿಸಿದವನು ಚಿಪ್ಪು ತತ್ತರಿಸದಿರಲು ವೋಲ್ಟೇಜನ್ನೂ ಏರಿಸಲೇಬೇಕು. ವೇಗ ನೂರಕ್ಕೆ 10, ವೋಲ್ಟೇಜ್ ನೂರಕ್ಕೆ 10 ಏರಿದರೆ ವಿದ್ಯುತ್ತು ನೂರಕ್ಕೆ 33 ಏರುತ್ತದೆ. ಅದಷ್ಟೂ ಶಾಖವಾಗಿ ಕೋಣೆಗೆ ಬೀಳುತ್ತದೆ. ಹೊರದೇಶಗಳ ವೀರರು ಇದಕ್ಕಾಗಿ ದ್ರವಸಾರಜನಕವನ್ನು, ದ್ರವಹೀಲಿಯಂ ಅನ್ನು ಸುರಿಯುತ್ತಾರೆ. 2022ರ ಡಿಸೆಂಬರಿನಲ್ಲಿ ಹೀಲಿಯಂ ಸುರಿದೇ ಒಂದು ಇಂಟೆಲ್ ಚಿಪ್ಪನ್ನು 9 ಗಿಗಾಹರ್ಟ್ಸ್ ದಾಟಿಸಿದರು. ಅದು ಗಾಡಿಯ ಶರ್ಯತ್ತಿನ ಎತ್ತು. ಮೈ ಮಿಂಚಲು ಅದಕ್ಕೆ ಹಾಲು, ಬೆಣ್ಣೆ. ನೇಗಿಲಿಗೆ ಅದನ್ನು ಹೂಡುವವರಿಲ್ಲ. ಅನಂತಪುರದ ಸ್ಟುಡಿಯೋದವನಿಗೆ ಬೇಕಾದದ್ದು ಗಳೇವಿನ ಎತ್ತು.

ಅಥಣಿಯ ಬೇಸಗೆ 40 ಡಿಗ್ರಿಯನ್ನು ಮುಟ್ಟುತ್ತದೆ. ಗಾಳಿಯ ಕೂಲರಿಗೆ ಒಂದು ನಿಯಮವಿದೆ: ಅದು ಚಿಪ್ಪನ್ನು ಕೋಣೆಯ ಉಷ್ಣಕ್ಕಿಂತ ಇಷ್ಟು ಡಿಗ್ರಿ ಮೇಲೆ ಹಿಡಿದಿಡಬಲ್ಲುದೇ ಹೊರತು ಕೋಣೆಗಿಂತ ತಂಪಾಗಿಸಲಾರದು. ಪೂರ್ಣ ದುಡಿಮೆಯಲ್ಲಿ ಚಿಪ್ಪು ಕೋಣೆಗಿಂತ 55 ಡಿಗ್ರಿ ಮೇಲಿದ್ದರೆ, ಡಿಸೆಂಬರಿನ 18 ಡಿಗ್ರಿಯ ರಾತ್ರಿಯಲ್ಲಿ ಅದರ ಉಷ್ಣ 73. ಏಪ್ರಿಲಿನ 40 ಡಿಗ್ರಿಯ ಮಧ್ಯಾಹ್ನದಲ್ಲಿ 95. 5600ಜಿಗೆ ಕಾರ್ಖಾನೆ ವಿಧಿಸಿದ ಮಿತಿ ಸರಿಯಾಗಿ 95. ಅಲ್ಲಿಗೆ ತಲುಪಿದೊಡನೆ ಚಿಪ್ಪು ತನ್ನ ಪ್ರಾಣ ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಏರಿಸಲು ಹೋದವನ ಯಂತ್ರ ಏರಿಸದವನ ಯಂತ್ರಕ್ಕಿಂತ ನಿಧಾನವಾಗುವುದು ಹೀಗೆ. ಅದರ ಮೇಲೆ ಧೂಳು: ಎರೆಹೊಲದ ಧೂಳು, ಕಬ್ಬಿನ ರವದಿ ಸುಟ್ಟ ಮಸಿ. ಎರಡು ತಿಂಗಳು ಬ್ರಷ್ ಮುಟ್ಟದ ಕೂಲರಿನ ಎಲೆಗಳ ನಡುವೆ ಕಂಬಳಿ ನೇಯ್ದಿರುತ್ತದೆ.

ಇದನ್ನು ಅರಿಯಲು ಪದವಿ ಬೇಕಿಲ್ಲ. ಬಾವಿಯ ಪಂಪ್‌ಸೆಟ್ಟಿನ ಮೋಟಾರು ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೊತ್ತೊಯ್ದ ರೈತನಿಗೆ ಇದು ಚೆನ್ನಾಗಿ ಗೊತ್ತು. ಹೊರೆ ಹೆಚ್ಚಾದರೂ ವೋಲ್ಟೇಜ್ ಕುಸಿದರೂ ತಂತಿ ಕಾಯುತ್ತದೆ, ಮೇಣ ಕರಗುತ್ತದೆ, ಕಾಯಿಲ್ ಹೋಗುತ್ತದೆ. ವ್ಯತ್ಯಾಸವೆಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಬಹುದು; ಸುಟ್ಟ ಚಿಪ್ಪಿಗೆ ರಿವೈಂಡಿಂಗ್ ಇಲ್ಲ. ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ವಾರಂಟಿಯೂ ಒದಗದು. ಹೆಚ್ಚಿನ ಹಣಕ್ಕೆ ಅಂಥ ಹಾನಿಗೂ ರಕ್ಷಣೆ ಕೊಡುವ ಯೋಜನೆಯೊಂದನ್ನು ಇಂಟೆಲ್ 2012ರಲ್ಲಿ ತಂದಿತ್ತು. 2021ರಲ್ಲಿ ಅದನ್ನೂ ನಿಲ್ಲಿಸಿಬಿಟ್ಟಿತು.

ಹಾಗಾದರೆ ಈ ವಿದ್ಯೆ ವ್ಯರ್ಥವೇ? ಅಲ್ಲ. ಅದರ ದಿಕ್ಕು ಬದಲಾಗಿದೆ. ಹದಿನಾಲ್ಕು ಟನ್ ಕಬ್ಬಿನ ಹಣವನ್ನು ಹಿಡಿದವನಿಗೆ ಇಂದು ವೇಗ ದೊರೆಯುವುದು ಪ್ರೊಸೆಸರಿನ ಮಿಡಿತದಲ್ಲಲ್ಲ, ಬೇರೆ ಮೂಲೆಗಳಲ್ಲಿ.

ಮೊದಲನೆಯದು ರ‍್ಯಾಮ್. 5600ಜಿಯಂಥ ಚಿಪ್ಪಿಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವೂ ಒಡಲಲ್ಲೇ ಇದೆ. ಬೇರೆ ಕಾರ್ಡ್ ಕೊಳ್ಳುವ ಖರ್ಚು ತಪ್ಪಿತು. ಆದರೆ ಆ ಭಾಗ ತನ್ನ ನೆನಪಿಗೆ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. 16 ಜಿಬಿಯ ಒಂದೇ ಪಟ್ಟಿ ಹಾಕಿದರೆ ಡಿಡಿಆರ್4-3200ರ ದಾರಿಯಲ್ಲಿ ಸೆಕೆಂಡಿಗೆ 25.6 ಗಿಗಾಬೈಟ್ ಹಾಯುತ್ತದೆ. 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ 51.2. ಅದೇ ನೆನಪು, ಎರಡು ಪಟ್ಟು ಅಗಲದ ದಾರಿ. ಯಾವ ಓವರ್‌ಕ್ಲಾಕಿಂಗೂ ಇಷ್ಟು ಸುಲಭವಾಗಿ ಇಷ್ಟನ್ನು ಕೊಡಲಾರದು. ಪಟ್ಟಿಗಳ ಮೇಲೆ ಬರೆದ ವೇಗವೂ ತಾನಾಗಿ ಬರುವುದಿಲ್ಲ. ಬಯಾಸ್ ತೆರೆಯಲ್ಲಿ ಎಕ್ಸ್‌ಎಂಪಿ ಎಂಬುದನ್ನು ಆರಿಸದಿದ್ದರೆ ಪಟ್ಟಿ ತನ್ನ ಕನಿಷ್ಠ ವೇಗದಲ್ಲೇ ತೂಕಡಿಸುತ್ತಿರುತ್ತದೆ. ಹಣ ಕೊಟ್ಟ ವೇಗವನ್ನು ವರ್ಷಗಟ್ಟಲೆ ಪಡೆಯದೆ ಕುಳಿತವರು ಎಷ್ಟು ಮಂದಿಯೋ!

ಎರಡನೆಯದು ಎಸ್‌ಎಸ್‌ಡಿ. ತಿರುಗುವ ಹಾರ್ಡ್ ಡಿಸ್ಕ್ ಒಂದು ಕಡತವನ್ನು ಹುಡುಕಲು ಸೆಕೆಂಡಿನ ನೂರರಲ್ಲೊಂದು ಭಾಗ ತೆಗೆದುಕೊಂಡರೆ ಎಸ್‌ಎಸ್‌ಡಿ ಹತ್ತುಸಾವಿರದಲ್ಲೊಂದು ಭಾಗದಲ್ಲಿ ಮುಗಿಸುತ್ತದೆ. ಹಳೆಯ ಡಿಸ್ಕನ್ನು ಮದುವೆಗಳ ಸಂಗ್ರಹಕ್ಕೆ ಇಟ್ಟುಕೊಂಡರಾಯಿತು.

ಮೂರನೆಯದು ಕಣ್ಣಿಗೆ ಕಾಣದ್ದು, ಆದ್ದರಿಂದಲೇ ಎಲ್ಲರೂ ಕಡೆಗಣಿಸುವುದು: ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನೊಡನೆ ಪುಕ್ಕಟೆ ಬರುವ ಪೆಟ್ಟಿಗೆಯ ಮೇಲೆ 450 ವ್ಯಾಟ್ ಎಂದು ಬರೆದಿದ್ದರೆ ಅದನ್ನು ಸಿನಿಮಾದ ಜಾಹೀರಾತಿನಷ್ಟೇ ನಂಬಬೇಕು. 80 ಪ್ಲಸ್ ಮುದ್ರೆಯುಳ್ಳ, ಹೆಸರುಳ್ಳವರ ಪೆಟ್ಟಿಗೆಯನ್ನೇ ಕೊಳ್ಳುವುದು ಕ್ಷೇಮ. ಹಳ್ಳಿಯ ಕರೆಂಟು ಹೋಗಿಬರುವಾಗ ಏಳುವ ಅಲೆಯನ್ನು ಮೊದಲು ಎದೆಗೊಡ್ಡುವುದು ಅದೇ. ಗೋಡೆಯ ಮೂರು ರಂಧ್ರದ ಪ್ಲಗ್ಗಿನಲ್ಲಿ ದಪ್ಪ ರಂಧ್ರಕ್ಕೆ ನಿಜವಾಗಿ ಅರ್ಥಿಂಗ್ ಇದೆಯೇ ಎಂಬುದನ್ನೂ ನೋಡಬೇಕು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮುಜುಮು ಎಂದರೆ ಇಲ್ಲವೆಂದೇ ಅರ್ಥ. ಉಪ್ಪು, ಇದ್ದಿಲು ತುಂಬಿದ ಒಂದು ಗುಂಡಿ ಸಾವಿರಾರು ರೂಪಾಯಿಯ ಮಾಲನ್ನು ಕಾಯುತ್ತದೆ. ಇದರ ಜೊತೆಗೆ 600 ವಿಎ ಯುಪಿಎಸ್ ಒಂದಿದ್ದರೆ, ಕರೆಂಟು ಹೋದಾಗ ಕೆಲಸವನ್ನು ಉಳಿಸಿ ಯಂತ್ರವನ್ನು ಮರ್ಯಾದೆಯಿಂದ ನಿಲ್ಲಿಸುವಷ್ಟು ಸಮಯ ಸಿಗುತ್ತದೆ.

ಇಷ್ಟಾದ ಮೇಲೆ ಚಿಪ್ಪನ್ನು ಮುಟ್ಟುವ ಆಸೆಯಿದ್ದರೆ ಏರಿಸುವ ಬದಲು ಇಳಿಸಿ ನೋಡಬೇಕು. ಇದಕ್ಕೆ ಅಂಡರ್‌ವೋಲ್ಟಿಂಗ್ ಎಂದು ಹೆಸರು. ಮೇಲೆ ಹೇಳಿದ ಲೆಕ್ಕವನ್ನೇ ತಿರುಗಿಸಿದರೆ, ವೇಗ ನೂರಕ್ಕೆ 10, ವೋಲ್ಟೇಜ್ ನೂರಕ್ಕೆ 10 ಇಳಿಸಿದಾಗ ವಿದ್ಯುತ್ತು ನೂರಕ್ಕೆ 27 ಇಳಿಯುತ್ತದೆ. ಇನ್ನೂ ಚೆಂದದ ಸಂಗತಿಯೆಂದರೆ, ಕಾರ್ಖಾನೆಯವರು ಅತ್ಯಂತ ಮಂದ ಚಿಪ್ಪೂ ತತ್ತರಿಸದಿರಲೆಂದು ಎಲ್ಲಕ್ಕೂ ಸ್ವಲ್ಪ ಹೆಚ್ಚಿನ ವೋಲ್ಟೇಜನ್ನೇ ನಿಗದಿ ಮಾಡಿರುತ್ತಾರೆ. ಒಳ್ಳೆಯ ಚಿಪ್ಪು ಸಿಕ್ಕವನು ವೇಗಕ್ಕೆ ಕೈಹಚ್ಚದೆ ವೋಲ್ಟೇಜನ್ನಷ್ಟೇ ಇಳಿಸಬಹುದು. ಆಗ ಶಾಖ ಕಡಿಮೆಯಾಗಿ, ಚಿಪ್ಪು ತಾನೇ ಏರುವ 4.4ರಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಸೆಲೆರಾನಿನ ಕಾಲದ ಹಕ್ಕಲು ಇಲ್ಲಿ, ಇಳಿಜಾರಿನಲ್ಲಿ, ಇನ್ನೂ ಸ್ವಲ್ಪ ಉಳಿದಿದೆಯೆನ್ನಬೇಕು. ಕಡುಬೇಸಗೆಯಲ್ಲಿ 65 ವ್ಯಾಟಿನ ಈ ಚಿಪ್ಪನ್ನು 45ಕ್ಕೆ ಕಟ್ಟಿಹಾಕುವ ಸೌಕರ್ಯವೂ ಇದೆ.

ಇಂಥ ಚಿಪ್ಪುಗಳು ಎಲ್ಲೋ ಸಮುದ್ರದಾಚೆ ಹುಟ್ಟುವ ಮಾಯಾವಸ್ತುಗಳೆಂಬ ಭಾವನೆ ನಮ್ಮವರಲ್ಲಿದೆ. ಅಚ್ಚಾಗುವುದು ಅಲ್ಲಿಯೇ ಆದರೂ ಅವುಗಳ ಆಲೋಚನೆ ಎಸ್.ಪಿ. ರೋಡಿನಿಂದ ಬಹು ದೂರದಲ್ಲೇನೂ ನಡೆಯುತ್ತಿಲ್ಲ. 2008ರಲ್ಲಿ ಇಂಟೆಲ್ ಹೊರತಂದ ಆರು ಹೃದಯಗಳ ಡನ್ನಿಂಗ್ಟನ್ ಎಂಬ ಪ್ರೊಸೆಸರನ್ನು, 190 ಕೋಟಿ ಟ್ರಾನ್ಸಿಸ್ಟರುಗಳ ಆ ಜಟಿಲ ಶಿಲ್ಪವನ್ನು, ರೂಪಿಸಿದವರು ಬೆಂಗಳೂರಿನ ಎಂಜಿನಿಯರುಗಳು. ಎ.ಎಂ.ಡಿ. ತನ್ನ ಜಗತ್ತಿನಲ್ಲೇ ಅತಿ ದೊಡ್ಡ ವಿನ್ಯಾಸಕೇಂದ್ರವನ್ನು 2023ರ ನವೆಂಬರಿನಲ್ಲಿ ಬೆಂಗಳೂರಿನಲ್ಲೇ ತೆರೆಯಿತು.

ಕೊಳ್ಳಲು ಹೊರಟವನಿಗೆ ಒಂದು ಎಚ್ಚರಿಕೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಕಂಡು ಕೇಳರಿಯದಷ್ಟು ಏರಿತು. ಕೃತಕ ಬುದ್ಧಿಮತ್ತೆಯ ಭಾರಿ ಗಣಕಶಾಲೆಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದುದೇ ಕಾರಣ. ಸಾಮಾನ್ಯ ಗ್ರಾಹಕರಿಗೆ ಕ್ರೂಶಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಸಂಸ್ಥೆ ಆ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ವೇಳೆಯಲ್ಲಿ ಹಳೆಯ ಯಂತ್ರಗಳಿಂದ ಕಳಚಿದ ಡಿಡಿಆರ್4 ಪಟ್ಟಿಗಳನ್ನು ಹುಡುಕುವುದರಲ್ಲಿ ಅವಮಾನವೇನಿಲ್ಲ. ಚಕ್ಕಡಿಗೆ ಹಳೆಯ ಗಾಲಿ ಹಾಕುವುದಿಲ್ಲವೇ? ಒಂದೇ ನಿಯಮ: ಎರಡು ಪಟ್ಟಿಗಳೂ ಒಂದೇ ಜೋಡಿಯವಾಗಿರಲಿ, ಮತ್ತು ಹಣ ಕೊಡುವ ಮುನ್ನ ಮೆಮ್‌ಟೆಸ್ಟ್ ಎಂಬ ಪುಕ್ಕಟೆ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ತೇರ್ಗಡೆಯಾಗಲಿ.

ವೋಲ್ಟೇಜನ್ನು ಇಳಿಸಿದವನೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಒಂದೊಂದೇ ಮೆಟ್ಟಿಲು ಇಳಿದು, ಪ್ರತಿ ಮೆಟ್ಟಿಲಲ್ಲೂ ಯಂತ್ರವನ್ನು ಗಂಟೆಗಟ್ಟಲೆ ದಣಿಸಿ ನೋಡಬೇಕು. ಇದಕ್ಕೆ ಜಗತ್ತಿನಾದ್ಯಂತ ಬಳಸುವ ಪ್ರೈಮ್95 ಎಂಬ ತಂತ್ರಾಂಶ ಮೂಲತಃ ಗಣಿತಜ್ಞರಿಗಾಗಿ ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ್ದು. ಚಿಪ್ಪು ಒಂದೇ ಒಂದು ಲೆಕ್ಕ ತಪ್ಪಿದರೂ ಅದು ಹಿಡಿದುಬಿಡುತ್ತದೆ. ಯಂತ್ರ ತೆರೆಯನ್ನೇ ತೋರಿಸದೆ ಮುನಿಸಿಕೊಂಡರೆ ಗಾಬರಿ ಬೇಡ. ವಿದ್ಯುತ್ತು ತೆಗೆದು, ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲನ್ನು ಕೆಲವು ನಿಮಿಷ ಕಳಚಿಟ್ಟು ಮತ್ತೆ ಕೂಡಿಸಿದರೆ, ಅದು ಕಾರ್ಖಾನೆಯ ಹಳೆಯ ನಡಿಗೆಗೆ ಮರಳುತ್ತದೆ. ಇದನ್ನೆಲ್ಲ ಚಳಿಗಾಲದಲ್ಲಿ ಮಾಡಿ ಮುಗಿಸಿದವನು ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು. ಡಿಸೆಂಬರಿನ ರಾತ್ರಿ ತೇರ್ಗಡೆಯಾದ ಯಂತ್ರವನ್ನು ಏಪ್ರಿಲಿನ ಒಂದು ಮಧ್ಯಾಹ್ನ, ಮದುವೆಯ ಸುಗ್ಗಿ ಬಿಸಿಯೇರುವ ಮುನ್ನ, ಕೂಲರಿನ ಧೂಳು ಕೊಡವಿ ಮತ್ತೊಮ್ಮೆ ಅದೇ ಪರೀಕ್ಷೆಗೆ ಕೂಡಿಸಬೇಕಾಗುತ್ತದೆ.